ನೋಡುವವರು ಎದ್ದು ಬರಲಿ

ನಮಸ್ಕಾರ ಕೇಳುಗರೇ.

ಬೀದಿ ನಾಟಕ ನೀವೆಲ್ಲ ನೋಡಿರುತ್ತೀರಿ. ಬಸ್ ಸ್ಟ್ಯಾಂಡ್ ಹತ್ತಿರ ತಮಟೆ ಬಡಿಯುತ್ತಾರೆ, ಜನ ಸೇರುತ್ತಾರೆ, ಒಬ್ಬ ಸಾಹುಕಾರ ಒಬ್ಬ ಕೂಲಿಯವನಿಗೆ ಮೋಸ ಮಾಡುತ್ತಾನೆ, ಕೊನೆಗೆ ನಟರೆಲ್ಲ ಸಾಲಾಗಿ ನಿಂತು ಒಂದು ಹಾಡು ಹೇಳಿ, ಘೋಷಣೆ ಕೂಗಿ, ವ್ಯಾನ್ ಹತ್ತಿ ಹೊರಟುಬಿಡುತ್ತಾರೆ. ನಾನೂ ಎಷ್ಟೋ ವರ್ಷ ಹಾಗೇ ಮಾಡಿದ್ದೇನೆ. ಆದರೆ ಅಲ್ಲೇ ನಿಂತು ನೋಡಿದ ಕೂಲಿಯವನು ಏನಂದುಕೊಂಡ? ಅವನನ್ನು ಯಾರೂ ಕೇಳಲೇ ಇಲ್ಲ, ಅಲ್ವಾ? ನನಗೆ ಇವತ್ತು ಹೇಳಬೇಕಾಗಿರುವುದು ಇದೊಂದೇ. ಅನ್ಯಾಯ ಉಂಡವರ ಪರವಾಗಿ ನಾವು ಮಾತಾಡಿದ್ದು ಸಾಕು. ಅವರೇ ಎದ್ದು ಬರಲಿ.

ಈ ಮಾತನ್ನು ನಾನು ಕಲಿತದ್ದು ಬ್ರೆಜಿಲ್ ದೇಶದ ಅಗಸ್ಟೋ ಬೊವಾಲ್ ಅವರ ಬದುಕಿನಿಂದ. 1931ರಲ್ಲಿ ರಿಯೋ ನಗರದಲ್ಲಿ ಹುಟ್ಟಿದರು, ಬೇಕರಿಯವರ ಮಗ. ಬಡವರ ಪರ ನಾಟಕ ಮಾಡುತ್ತಿದ್ದರು. 1971ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಹಿಡಿದುಕೊಂಡು ಹೋಗಿ ಚಿತ್ರಹಿಂಸೆ ಕೊಟ್ಟಿತು, ಆಮೇಲೆ ದೇಶ ಬಿಡಬೇಕಾಯಿತು. ಹಾಗೆ ಊರೂರು ತಿರುಗುತ್ತಾ 1973ರಲ್ಲಿ ಪೆರು ದೇಶಕ್ಕೆ ಬಂದರು. ಅಲ್ಲಿ ಬಡವರಿಗೆ ಅಕ್ಷರ ಕಲಿಸುವ ಕಾರ್ಯಕ್ರಮ ನಡೆಯುತ್ತಿತ್ತು, ಅದರಲ್ಲಿ ನಾಟಕದ ಕೆಲಸ ಇವರದು. ಜನ ತಮ್ಮ ಕಷ್ಟ ಹೇಳುತ್ತಾರೆ, ನಟರು ಅದನ್ನು ಆಡುತ್ತಾರೆ, ಸಮಸ್ಯೆ ಬಂದ ಕಡೆ ನಿಲ್ಲಿಸುತ್ತಾರೆ. ಮುಂದೇನು ಮಾಡಬೇಕು ಅಂತ ಕೂತ ಜನ ಹೇಳುತ್ತಾರೆ, ನಟರು ಹಾಗೆ ಆಡಿ ತೋರಿಸುತ್ತಾರೆ.

ಒಂದು ದಿನ ಒಬ್ಬ ಹೆಣ್ಣುಮಗಳು ಬಂದಳು. ಓದು ಬರಹ ಬಾರದು. ಗಂಡ ತಿಂಗಳು ತಿಂಗಳು ಅವಳ ಹತ್ತಿರ ದುಡ್ಡು ಇಸ್ಕೊಳ್ಳುತ್ತಿದ್ದ, ನಮಗೊಂದು ಮನೆ ಕಟ್ಟಿಸ್ತಿದ್ದೀನಿ ಅಂತ. ಆಗಾಗ ರಸೀದಿ ಅಂತ ಹೇಳಿ ಕಾಗದ ಕೊಡುತ್ತಿದ್ದ. ಕೈಬರಹದ ಕಾಗದ, ಅದರ ಮೇಲೆ ಸೆಂಟಿನ ಘಮ! ಇವಳು ಅಷ್ಟನ್ನೂ ಜೋಪಾನವಾಗಿ ಇಟ್ಟುಕೊಂಡಳು. ಒಂದು ದಿನ ಗಂಡ ಹೆಂಡತಿಗೆ ಜಗಳ ಆಯಿತು, ಇವಳಿಗೆ ಏನೋ ಅನುಮಾನ ಬಂತು, ಓದು ಬರುವ ಪಕ್ಕದ ಮನೆಯವಳಿಗೆ ಆ ಕಾಗದ ತೋರಿಸಿದಳು. ರಸೀದಿ ಎಲ್ಲಿಂದ ಬರಬೇಕು? ಅವೆಲ್ಲ ಇನ್ನೊಬ್ಬ ಹೆಂಗಸು ಅವನಿಗೆ ಬರೆದ ಪ್ರೇಮಪತ್ರಗಳು. ಈಗ ಗಂಡ ಮನೆಗೆ ಬಂದರೆ ನಾನೇನು ಮಾಡಲಿ, ಅದನ್ನು ನಾಟಕದಲ್ಲಿ ತೋರಿಸಿ ಅಂತ ಅವಳು ಕೇಳಿದಳು.

ಆಡಿದರು. ಗಂಡ ಬಾಗಿಲು ತಟ್ಟುತ್ತಾನೆ, ನಾಟಕ ನಿಂತಿತು. ಏನು ಮಾಡಬೇಕು ಹೇಳಿ ಅಂತ ಬೊವಾಲ್ ಜನರನ್ನು ಕೇಳಿದರು. ಅತ್ತು ಅವನಿಗೆ ನಾಚಿಕೆ ಆಗೋ ಹಾಗೆ ಮಾಡಬೇಕು ಅಂದಳು ಒಬ್ಬಳು. ಆಡಿದರು, ಯಾರಿಗೂ ಒಪ್ಪಿಗೆ ಆಗಲಿಲ್ಲ. ಮನೆಯಿಂದ ಹೊರಗೆ ಹಾಕಬೇಕು ಅಂದಳು ಇನ್ನೊಬ್ಬಳು. ಅದೂ ಆಯಿತು. ಅಲ್ಲೇ ಒಬ್ಬ ಗಟ್ಟಿಮುಟ್ಟು ಹೆಂಗಸು ಸಿಡಿಮಿಡಿ ಅಂತ ಕೂತಿದ್ದಳು. ಅವಳು ಹೇಳಿದ್ದು ಇಷ್ಟು: ಅವನ ಹತ್ತಿರ ಸರಿಯಾಗಿ ಮಾತಾಡಬೇಕು, ಆಮೇಲೆ ಕ್ಷಮಿಸಬೇಕು.

ನಟಿ ಗಂಡನ ಹತ್ತಿರ ಮಾತಾಡಿ ಕ್ಷಮಿಸಿದಳು. ಆ ಹೆಂಗಸಿಗೆ ಇನ್ನೂ ಸಿಟ್ಟು. ಇದಲ್ಲ, ಸರಿಯಾಗಿ ಮಾತಾಡಬೇಕು ಅಂದಳು. ಮತ್ತೆ ಆಡಿದರು, ದನಿ ಜೋರು ಮಾಡಿದರು. ಇದೂ ಅಲ್ಲ! ಕೊನೆಗೆ ಬೊವಾಲ್, ತಾಯಿ, ನೀವು ಹೇಳ್ತಿರೋದು ನಮಗೆ ಗೊತ್ತಾಗ್ತಿಲ್ಲ, ನೀವೇ ಬಂದು ಮಾಡಿ ತೋರಿಸಿ ಅಂದರು. ಅವಳು ಎದ್ದು ಬಂದಳು. ಗಂಡನ ಪಾತ್ರದ ನಟನನ್ನು ಗಬಕ್ಕನೆ ಹಿಡಿದಳು, ಕೈಗೆ ಸಿಕ್ಕ ಪೊರಕೆ ಕೋಲಿನಿಂದ ಚೆನ್ನಾಗಿ ಬಾರಿಸಿದಳು. ಆಮೇಲೆ, ಸರಿಯಾಗಿ ಮಾತಾಡಿದ್ದಾಯ್ತು, ಕ್ಷಮಿಸಿದ್ದೀನಿ, ಈಗ ಅಡುಗೆಮನೆಗೆ ಹೋಗಿ ನನಗೆ ಊಟ ತಗೊಂಡು ಬಾ ಅಂದಳು.

ನೋಡಿ, ಅವಳ ಬಾಯಲ್ಲಿ ‘ಸರಿಯಾಗಿ ಮಾತಾಡೋದು’ ಅಂದರೆ ಏನು ಅಂತ ಅಷ್ಟು ಜನ ಕಲಿತ ನಟರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ತಿಳಿಯೋದೂ ಇಲ್ಲ. ಅವಳೇ ಬರಬೇಕು.

ಅಲ್ಲಿಂದ ಬೊವಾಲ್ ತಮ್ಮ ನಾಟಕದ ರೀತಿಯನ್ನೇ ಬದಲಿಸಿದರು. ನಾಟಕ ಸೋಲಿನಲ್ಲಿ ಮುಗಿಯುತ್ತದೆ. ಆಮೇಲೆ ಎರಡನೇ ಸಲ ಶುರುವಾಗುತ್ತದೆ, ಈ ಸಲ ನೋಡುವವರಲ್ಲಿ ಯಾರು ಬೇಕಾದರೂ ನಿಲ್ಲಿಸಿ ಅಂತ ಕೂಗಿ, ಸೋತವರ ಜಾಗಕ್ಕೆ ಬಂದು ತಾವೇ ಆಡಬಹುದು. ಆಟ ನಡೆಸುವವನಿಗೆ ಜೋಕರ್ ಅಂತ ಹೆಸರು. ಇಸ್ಪೀಟಿನ ಜೋಕರ್ ಇದೆಯಲ್ಲ, ಯಾವ ಬಣ್ಣಕ್ಕೂ ಸೇರದ್ದು, ಹಾಗೆ. ಬ್ರೆಜಿಲ್‌ಗೆ ಹಿಂತಿರುಗಿದ ಮೇಲೆ ಬೊವಾಲ್ 1993ರಿಂದ 1996ರವರೆಗೆ ರಿಯೋ ನಗರಸಭೆ ಸದಸ್ಯರಾಗಿದ್ದರು. ಆಗ ಇಂಥ ನಾಟಕಗಳಲ್ಲಿ ಜನ ಹೇಳಿದ್ದನ್ನೇ ಸಭೆಯ ಮುಂದಿಟ್ಟು 13 ಕಾನೂನು ಮಾಡಿಸಿದರು. ನಮ್ಮ ದೇಶದಲ್ಲಿ ಪಶ್ಚಿಮ ಬಂಗಾಳದ ಜನ ಸಂಸ್ಕೃತಿ ತಂಡ ಹಳ್ಳಿಗಳಲ್ಲಿ ಇದನ್ನೇ ಮಾಡುತ್ತಿದೆ. ಇದರ ಬಗ್ಗೆ ಜಾಸ್ತಿ ಹೇಳಬೇಕಿತ್ತು, ಸಮಯ ಓಡುತ್ತಿದೆ.

ನಮ್ಮಲ್ಲಿ ಬೀದಿ ನಾಟಕಕ್ಕೆ ದೊಡ್ಡ ಹಿನ್ನೆಲೆ ಇದೆ. 1977ರಲ್ಲಿ ಬಿಹಾರದ ಬೆಲ್ಚಿಯಲ್ಲಿ ದಲಿತರನ್ನು ಕೊಂದರು. ಅದನ್ನು ‘ಸಮುದಾಯ’ ಅನ್ನೋ ನಮ್ಮ ರಂಗ ಸಂಘಟನೆಯವರು ನಾಟಕ ಮಾಡಿ ಕರ್ನಾಟಕದ ಬೀದಿಗಳಿಗೆ ತಂದರು. ಆ ಕೆಲಸಕ್ಕೆ ನಾನು ಕೈ ಮುಗಿಯುತ್ತೇನೆ. ಈಗ ಮಾಡಬೇಕಾದ್ದು ಅದರ ಮುಂದಿನ ಹೆಜ್ಜೆ.

ಒಂದು ಹಳ್ಳಿಯಲ್ಲಿ ನಾವು ಎರಡು ಲೋಟದ ಪದ್ಧತಿ ಮೇಲೆ ನಾಟಕ ಮಾಡಿದೆವು. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ, ಹೊರಗೆ ನಿಂತೇ ಟೀ ಕುಡಿಯಬೇಕು. ನಮ್ಮ ಹುಡುಗ ಲೋಟ ಎತ್ತಿ ನೆಲಕ್ಕೆ ಬಡಿದ, ಎಲ್ಲರೂ ಚಪ್ಪಾಳೆ ಹೊಡೆದರು. ಹಿಂದೆ ನಿಂತಿದ್ದ ಗಾರೆ ಕೆಲಸದ ಅಜ್ಜ ಒಬ್ಬರು, ನಿಲ್ಲಿಸ್ರಪ್ಪ, ಲೋಟ ಒಡೆದು ನೀವು ಹೋಗ್ತೀರಿ, ನಾಳೆ ನಂಗೆ ಕೆಲಸ ಕೊಡೋರು ಯಾರು ಅಂದರು. ನೀವು ಬಂದು ಮಾಡಿ ಅಜ್ಜ ಅಂದೆ. ಅವರು ಬಂದು, ಸುಮ್ನೆ ಒಳಗಿನ ಬೆಂಚಿನ ಮೇಲೆ ಕೂತರು. ಹೋಟೆಲಿನವನ ಪಾತ್ರದವನು ಗದರಿದ, ಬೈದ. ಅಜ್ಜ ಏಳಲಿಲ್ಲ. ಈ ಗೋಡೆ ಕಟ್ಟಿದ್ದು ನಾನೇ ಕಣಪ್ಪ, ಆವಾಗ ಒಳಗೇ ಇದ್ದೆನಲ್ಲ ಅಂದರು. ನಮ್ಮ ನಟನಿಗೆ ಉತ್ತರ ಹೊಳೆಯಲಿಲ್ಲ. ಕೂತವರಲ್ಲೇ ಒಬ್ಬರು ಹೋಟೆಲಿನವನ ಪರ ಎದ್ದರು, ಇನ್ನೊಬ್ಬರು ಅಜ್ಜನ ಪರ ಎದ್ದರು. ಅವತ್ತು ನಮ್ಮ ವ್ಯಾನ್ ಹೊರಡುವಾಗ ರಾತ್ರಿ ಹನ್ನೊಂದಾಗಿತ್ತು, ಅವರಿನ್ನೂ ಮಾತಾಡುತ್ತಲೇ ಇದ್ದರು.

ನಮಸ್ಕಾರ.