ಕಾಂಡ್ಲಾ ಕಾಡಿನ ಹಲಗೆ ದಾರಿ

ಕೇಳುಗರಿಗೆ ನಮಸ್ಕಾರ.

ಹೊನ್ನಾವರ ಪೇಟೆಯಿಂದ ಶರಾವತಿ ಸೇತುವೆ ದಾಟಿದರೆ ಕಾಸರಕೋಡು. ಅಲ್ಲಿ ಹೊಳೆಯಂಚಿನ ಕಾಂಡ್ಲಾ ಕಾಡಿನೊಳಗೆ, ಅಂದರೆ ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್ ಮರಗಳ ನಡುವೆ, ಅರಣ್ಯ ಇಲಾಖೆ ಮಾಡಿಸಿದ ಹಲಗೆಯ ಕಾಲುದಾರಿಯಿದೆ. ಕೆಸರಿನ ಮೇಲೆ ಕಂಬ ನಿಲ್ಲಿಸಿ ಹಲಗೆ ಹಾಸಿದ್ದಾರೆ. ಇಕ್ಕೆಲದ ಕೊಂಬೆಗಳು ತಲೆಯ ಮೇಲೆ ಕೂಡಿಕೊಂಡು ಮಟಮಟ ಮಧ್ಯಾಹ್ನವೂ ತಂಪು.

ಮೊದಲ ಸಲ ಅಮ್ಮನನ್ನು ಕರೆದುಕೊಂಡು ಹೋದಾಗ ನೀರು ಇಳಿದಿತ್ತು. ಕೆಸರಿನಿಂದ ಪೆನ್ಸಿಲ್‌ನಂಥ ಬೇರುಗಳು ಸಾವಿರಗಟ್ಟಲೆ ಮೇಲೆದ್ದು ನಿಂತಿದ್ದವು. ಉಸಿರಾಡುವ ಬೇರುಗಳು ಅವು. ಉಪ್ಪು ಕೆಸರಿನೊಳಗೆ ಗಾಳಿಯಾಡುವುದಿಲ್ಲವಲ್ಲ, ಅದಕ್ಕೇ ಮೇಲೆ ಬರುತ್ತವೆ. ಒಂದು ಏಡಿ, ಒಂದೇ ಕೊಂಡಿ ಮೈಯಷ್ಟು ದೊಡ್ಡದು, ಅದನ್ನೆತ್ತಿ ಬೀಸುತ್ತಿತ್ತು. ಕೊಂಬೆಯಲ್ಲಿ ನುಗ್ಗೆಕಾಯಿಯಂತೆ ಜೋತು ಬಿದ್ದದ್ದನ್ನು ಅಮ್ಮ ಮುಟ್ಟಿ ನೋಡಿದಳು. ಅದು ಬರೀ ಕಾಯಲ್ಲ, ಸಸಿ. ಬೀಜ ತಾಯಿಮರದಲ್ಲೇ ಮೊಳೆತು ಉದ್ದ ಬೆಳೆದು, ಬಿದ್ದಾಗ ಕೆಸರಿಗೆ ನೆಟ್ಟಗೆ ನಾಟಿಕೊಳ್ಳುತ್ತದೆ. ಇಲ್ಲವೇ ತೇಲಿಹೋಗಿ ಬೇರೆ ದಡ ಹಿಡಿಯುತ್ತದೆ.

“ಇದರ ತೊಗಟೆ ಬೇಯಿಸಿ ಬಲೆಗೆ ಬಣ್ಣ ಹಾಕ್ತಿದ್ರು” ಎಂದಳು ಅಮ್ಮ. ನೂಲಿನ ಬಲೆಗಳ ಕಾಲದ ಮಾತು ಅದು. ಇಷ್ಟು ವರ್ಷ ಅವಳು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಮೀನುಮರಿ, ಸಿಗಡಿಮರಿ ಬೆಳೆಯುವುದು ಈ ಬೇರುಗಳ ಸಂದಿಯಲ್ಲೇ. ದಡದ ಮಣ್ಣು ಕೊಚ್ಚಿಹೋಗದಂತೆ ಹಿಡಿದಿರುವುದೂ ಇವೇ.

ಆದರೆ ನಡೆಯುವ ಜಾಗಕ್ಕೆ ನಾವು ನಡೆದು ಹೋಗಲಿಲ್ಲ. ಹೆದ್ದಾರಿಯ ಅಂಚಿನಲ್ಲಿ ಲಾರಿ ಬೀಸಿದ ಗಾಳಿಗೆ ಅಮ್ಮ ನನ್ನ ತೋಳು ಬಿಗಿಯಾಗಿ ಹಿಡಿದಳು, ಹತ್ತು ಹೆಜ್ಜೆಗೇ ರಿಕ್ಷಾ ಕರೆದೆ. ಇದು ನನಗೆ ನಿಜವಾಗಿಯೂ ನೋವಿನ ವಿಷಯ. ಕಾಸರಕೋಡಿನ ಕಡಲತೀರಕ್ಕೆ 2020ರಲ್ಲಿ ಬ್ಲೂ ಫ್ಲ್ಯಾಗ್ ಬಂತು, ಚೊಕ್ಕಟವಾದ, ಸುರಕ್ಷಿತ ಕಡಲತೀರಗಳಿಗೆ ಕೊಡುವ ಅಂತರರಾಷ್ಟ್ರೀಯ ಮನ್ನಣೆ ಅದು. ಆ ವರ್ಷ ನಮ್ಮ ರಾಜ್ಯದಲ್ಲಿ ಅದು ಸಿಕ್ಕಿದ್ದು ಇದಕ್ಕೂ ಪಡುಬಿದ್ರಿಗೂ ಮಾತ್ರ. ದೂರದವರು ಕಾರಿನಲ್ಲಿ ಬರುತ್ತಾರೆ, ಬರಲಿ. ಪೇಟೆಯ ಮಂಡಿನೋವಿನ ಅಜ್ಜಿಗೆ, ಶಾಲೆ ಬಿಟ್ಟ ಮಕ್ಕಳಿಗೆ ಮನೆಯಿಂದ ಅಲ್ಲಿಯವರೆಗೆ ಹೆದರದೆ ನಡೆಯುವ ದಾರಿ ಬೇಡವೇ? ಇಂಥ ಜಾಗ ಮಾಡುವಾಗಲೇ ಅಲ್ಲಿಗೆ ಹೋಗುವ ದಾರಿಯನ್ನೂ, ನಡುನಡುವೆ ಕೂರಲು ಎರಡು ಕಲ್ಲುಬೆಂಚನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಇನ್ನೊಂದು ಮಾತು. ಕಡಲ ದಂಡೆಯುದ್ದಕ್ಕೂ ದೊಡ್ಡ ದೀಪ ಹಾಕಿಸಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಈ ಮರಳಿಗೆ ಕಡಲಾಮೆಗಳು ರಾತ್ರಿ ಬಂದು ಮೊಟ್ಟೆಯಿಡುತ್ತವೆ. ಮೊಟ್ಟೆಯೊಡೆದ ಮರಿಗಳು ಕಡಲ ಮೇಲಿನ ಬೆಳಕನ್ನು ನೋಡಿ ನೀರಿಗಿಳಿಯುತ್ತವೆ; ದೀಪ ಕಂಡರೆ ದಾರಿ ತಪ್ಪಿ ರಸ್ತೆಯತ್ತ ಹೊರಡುತ್ತವೆ. ದೀಪ ಪೇಟೆಯ ಕಾಲುದಾರಿಗೆ ಇರಲಿ, ದಂಡೆಗೆ ಬೇಡ.

ಕಾಂಡ್ಲಾ ಕಾಡಿಗೆ ಹೋಗುವವರು ನೀರು ಇಳಿದ ಹೊತ್ತು ಕೇಳಿಕೊಂಡು ಹೋಗಿ. ಭರತದ ಹೊತ್ತಿನಲ್ಲಿ ಬೇರುಗಳು ಮುಳುಗಿರುತ್ತವೆ, ಏಡಿಗಳು ಬಿಲ ಸೇರಿರುತ್ತವೆ. ಮಳೆಗಾಲದಲ್ಲಿ ಹಲಗೆ ಜಾರುತ್ತದೆ. ಹಿರಿಯರ ಕೈ ಹಿಡಿದುಕೊಳ್ಳಿ, ನಿಧಾನ ನಡೆಯಿರಿ. ಅವರು ಏನಾದರೂ ಹೇಳಲು ನಿಂತರೆ, ನೀವೂ ನಿಲ್ಲಿ.

ನಮಸ್ಕಾರ.