ಯೂನಿಟ್ ಎಲ್ಲಿ ಹೋಯಿತು?

ಕೇಳುಗರೆಲ್ಲರಿಗೂ ನಮಸ್ಕಾರ. ಸಿಇಟಿಗೆ, ನೀಟ್‌ಗೆ ಅಂತ ಮನೆ ತುಂಬ ಪುಸ್ತಕ ಹರಡಿಕೊಂಡು ಕೂತಿರುವ ಮಕ್ಕಳಿಗೂ, ಅವರ ಪಕ್ಕ ಹಾಲಿನ ಲೋಟ ಇಟ್ಟು ಸದ್ದಿಲ್ಲದೆ ಹೋಗುವ ಅಮ್ಮಂದಿರಿಗೂ ವಿಶೇಷವಾಗಿ ನಮಸ್ಕಾರ.

ಭೌತಶಾಸ್ತ್ರ ಮತ್ತು ರಸಾಯನಶಾಸ್ತ್ರದ ಮುಖ್ಯ ವಿಷಯಗಳನ್ನು ಒಮ್ಮೆ ಮೆಲುಕು ಹಾಕಿಸಿ ಅಂತ ನನ್ನನ್ನು ಕರೆದಿದ್ದಾರೆ. ನನಗೆ ಸಿಕ್ಕಿರುವುದು ಹದಿನೈದು ನಿಮಿಷ. ಎರಡು ವರ್ಷದ ಪಾಠ ಅದರಲ್ಲಿ ಹಿಡಿಯುವುದಿಲ್ಲ. ಹಾಗಾಗಿ ಒಂದೇ ಒಂದು ಮಾತು ಹೇಳುತ್ತೇನೆ, ಅದನ್ನೇ ತಿರುಗಿಸಿ ತಿರುಗಿಸಿ ಹೇಳುತ್ತೇನೆ. ಅಂಕಿ ಬರೆದರೆ ಅದರ ಪಕ್ಕದಲ್ಲೇ ಏಕಮಾನವನ್ನೂ ಬರೆಯಿರಿ. ನಿಮ್ಮ ಬಾಯಲ್ಲಿ ಅದು ಯೂನಿಟ್. ಯೂನಿಟ್ ಇಲ್ಲದ ಅಂಕಿಯನ್ನು ರಫ್ ಹಾಳೆಯಲ್ಲೂ ಇಡಬೇಡಿ.

ಈ ಮಾತು ಹೇಳಿದ ತಕ್ಷಣ ಮಕ್ಕಳು ಕೇಳುವ ಪ್ರಶ್ನೆ ನನಗೆ ಗೊತ್ತು. ಮೂವತ್ತು ವರ್ಷದಿಂದ ಪಿಯು ತರಗತಿಯಲ್ಲಿ ಕೇಳಿಸಿಕೊಂಡಿದ್ದೇನೆ. "ಮೇಡಂ, ಆಪ್ಷನ್‌ನಲ್ಲೇ ಯೂನಿಟ್ ಕೊಟ್ಟಿರ್ತಾರಲ್ಲ, ನಾವ್ಯಾಕೆ ಬರೀಬೇಕು? ಟೈಮ್ ವೇಸ್ಟ್." ಸಿಇಟಿಯಲ್ಲಿ ಒಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಯೂನಿಟ್ ಬರೆಯಲು ಬೇಕಾಗುವುದು ಅದರಲ್ಲಿ ಮೂರು ಸೆಕೆಂಡು. ಅದನ್ನು ಉಳಿಸಲು ಹೋಗಿ ಇಡೀ ಪ್ರಶ್ನೆಯನ್ನೇ ಕಳೆದುಕೊಂಡ ಎಷ್ಟೋ ಜಾಣ ಮಕ್ಕಳನ್ನು ನಾನು ನೋಡಿದ್ದೇನೆ. ಸಿಇಟಿಯಲ್ಲಿ ತಪ್ಪಿಗೆ ಅಂಕ ಕಳೆಯುವುದಿಲ್ಲ, ನಿಜ. ನೀಟ್‌ನಲ್ಲಿ ಕಳೆಯುತ್ತಾರೆ. ಸರಿ ಉತ್ತರಕ್ಕೆ ನಾಲ್ಕು ಕೊಡುತ್ತಾರೆ, ತಪ್ಪಿಗೆ ಒಂದು ಕಿತ್ತುಕೊಳ್ಳುತ್ತಾರೆ. ಇನ್ನೊಂದು ಸಂಗತಿ ನೆನಪಿರಲಿ. ಪ್ರಶ್ನೆ ತೆಗೆಯುವವರು ನೀವು ಮಾಡುವ ತಪ್ಪನ್ನು ಮೊದಲೇ ಊಹಿಸಿ, ಆ ತಪ್ಪು ಉತ್ತರವನ್ನೂ ನಾಲ್ಕರಲ್ಲಿ ಒಂದಾಗಿ ಅಚ್ಚು ಹಾಕಿಸಿರುತ್ತಾರೆ. ನಿಮ್ಮ ಉತ್ತರ ಆಪ್ಷನ್‌ನಲ್ಲಿ ಇದೆ ಅನ್ನುವ ಒಂದೇ ಕಾರಣಕ್ಕೆ ಅದು ಸರಿಯಾಗುವುದಿಲ್ಲ.

ಇಲ್ಲಿ ನಿಮಗೊಂದು ಘಟನೆ ಹೇಳಲೇಬೇಕು.

ಬಸವನಗುಡಿಯ ಹತ್ತಿರ ನಮ್ಮ ಮನೆಯ ಹಿಂದಿನ ಬೀದಿಯಲ್ಲಿ ಒಂದು ಹಿಟ್ಟಿನ ಗಿರಣಿ ಇತ್ತು. ರಾಗಿ, ಗೋಧಿ, ಅಕ್ಕಿ ಒಂದು ಕಡೆ, ಖಾರದ ಪುಡಿಗೆ ಬೇರೆ ಮಿಷನ್ನು. ಸಂಜೆ ಹೊತ್ತು ಆ ಬೀದಿಗೆ ಕಾಲಿಟ್ಟರೆ ಹುರಿಗಡಲೆ, ಮೆಣಸಿನಕಾಯಿ ವಾಸನೆಗೆ ಸೀನು ಬರುತ್ತಿತ್ತು. ಗಿರಣಿ ಯಜಮಾನರ ಮಗ ನನ್ನ ವಿದ್ಯಾರ್ಥಿ. ಒಳ್ಳೆ ಹುಡುಗ, ಲೆಕ್ಕದಲ್ಲಿ ಚುರುಕು, ಆದರೆ ಕೈ ವೇಗ ಜಾಸ್ತಿ. ಒಂದು ಸಂಜೆ ನಾನು ರಾಗಿ ಡಬ್ಬ ಹಿಡಿದು ಹೋದಾಗ ಅವನು ಗೋಣಿಚೀಲದ ಮೇಲೆ ಕೂತು ಮಾಡೆಲ್ ಪೇಪರ್ ಬಿಡಿಸುತ್ತಿದ್ದ. "ಮೇಡಂ, ಇದೊಂದು ನೋಡಿ, ಸರಿ ಇದೆಯಾ" ಅಂದ.

ಲೆಕ್ಕ ಹೀಗಿತ್ತು. 5 ಎಚ್‌ಪಿ ಮೋಟಾರು 4 ಗಂಟೆ ಪೂರ್ತಿ ಸಾಮರ್ಥ್ಯದಲ್ಲಿ ಓಡಿದರೆ ಖರ್ಚಾಗುವ ಶಕ್ತಿ ಎಷ್ಟು? ಹುಡುಗ ಬರೆದಿದ್ದ: ಒಂದು ಎಚ್‌ಪಿ ಅಂದರೆ 746 ವ್ಯಾಟ್, ಐದಕ್ಕೆ 3730, ಅದನ್ನು ನಾಲ್ಕರಿಂದ ಗುಣಿಸಿದರೆ 14,920. ಪಕ್ಕದಲ್ಲಿ ಜೌಲ್ ಅಂತ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ. ಆಪ್ಷನ್‌ನಲ್ಲೂ 14,920 ಜೌಲ್ ಇತ್ತು. ಅದಕ್ಕೇ ಅವನಿಗೆ ಅಷ್ಟು ಧೈರ್ಯ.

ನಾನು ಅವನಿಗೆ ಏನೂ ಹೇಳಲಿಲ್ಲ. ಅವರಪ್ಪನ ಕಡೆ ತಿರುಗಿ ಕೇಳಿದೆ: "ಯಜಮಾನ್ರೇ, ನಿಮ್ಮ ಮೋಟಾರು ಎಷ್ಟು ಎಚ್‌ಪಿ?" "ಐದು ಮೇಡಂ." "ನಾಲ್ಕು ಗಂಟೆ ಬಿಡದೆ ಓಡಿದ್ರೆ?" ಅವರು ತೂಕದ ತಟ್ಟೆಯಿಂದ ಕಣ್ಣೂ ತೆಗೆಯಲಿಲ್ಲ. "ಫುಲ್ ಲೋಡಾದ್ರೆ ಹತ್ತತ್ರ ಹದಿನೈದು ಯೂನಿಟ್ ಎಳೀತದೆ ಮೇಡಂ" ಅಂದರು.

ಈಗ ನೀವೂ ನನ್ನ ಜೊತೆ ಲೆಕ್ಕ ಹಾಕಿ. ಕರೆಂಟ್ ಬಿಲ್ಲಿನ ಒಂದು ಯೂನಿಟ್ ಅಂದರೆ ಒಂದು ಕಿಲೋವ್ಯಾಟ್ ಗಂಟೆ. ಸಾವಿರ ವ್ಯಾಟ್, 3600 ಸೆಕೆಂಡು, ಗುಣಿಸಿದರೆ 36 ಲಕ್ಷ ಜೌಲ್. ಹದಿನೈದು ಯೂನಿಟ್ ಅಂದರೆ ಐದು ಕೋಟಿ ನಲವತ್ತು ಲಕ್ಷ ಜೌಲ್. ಅಪ್ಪ ಹೇಳಿದ್ದು ಐದು ಕೋಟಿ ಚಿಲ್ಲರೆ, ಮಗ ಬರೆದದ್ದು ಹದಿನೈದು ಸಾವಿರಕ್ಕೂ ಕಮ್ಮಿ. ನಾನು ಹುಡುಗನಿಗೆ ಹೇಳಿದೆ: "ನೋಡಪ್ಪ, ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 4200 ಜೌಲ್ ಬೇಕು. ನೀನು ಬರೆದಿರೋ ಶಕ್ತಿಯಲ್ಲಿ ಒಂದು ಲೀಟರ್ ನೀರು ಮೂರೂವರೆ ಡಿಗ್ರಿ ಬಿಸಿಯಾಗುತ್ತೆ, ಅಷ್ಟೇ. ನಿಮ್ಮಪ್ಪ ನಾಲ್ಕು ಗಂಟೆ ಗಿರಣಿ ಓಡಿಸಿ, ಬೀದಿಗೆಲ್ಲ ಹಿಟ್ಟು ಮಾಡಿಕೊಟ್ಟಿದ್ದು ಇಷ್ಟರಲ್ಲಾ?"

ಹುಡುಗ ಹಾಳೆ ನೋಡಿದ, ಮೋಟಾರು ನೋಡಿದ, ಮತ್ತೆ ಹಾಳೆ ನೋಡಿದ. ತಪ್ಪು ಸಿಗಲಿಲ್ಲ. ಗುಣಾಕಾರ ಸರಿಯಾಗಿಯೇ ಇತ್ತಲ್ಲ. ಆಮೇಲೆ ನಾನು ಹೇಳಿದೆ, ಇನ್ನೊಂದು ಸಲ ಬರಿ, ಪ್ರತಿ ಅಂಕಿ ಪಕ್ಕ ಯೂನಿಟ್ ಇಟ್ಟುಕೊಂಡು ಬರಿ ಅಂತ. ಬರೆದ. 3730 ಜೌಲ್ ಪ್ರತಿ ಸೆಕೆಂಡಿಗೆ, ಇಂಟು, 4 ಗಂಟೆ. ಅಲ್ಲೇ ಪೆನ್ನು ನಿಂತಿತು. ಕೆಳಗೆ ಸೆಕೆಂಡು ಇದೆ, ಮೇಲೆ ಗಂಟೆ ಇದೆ. ಇವೆರಡೂ ಹೊಡೆದುಹೋಗುವುದಿಲ್ಲ. ಗಂಟೆಯನ್ನು 14,400 ಸೆಕೆಂಡು ಮಾಡಿದ, ಉತ್ತರ 5 ಕೋಟಿ 37 ಲಕ್ಷ ಜೌಲ್ ಬಂತು. ಅಪ್ಪನ ಹದಿನೈದು ಯೂನಿಟ್ಟಿಗೆ ಸರಿಯಾಗಿ ಕೂತಿತು.

ನನ್ನ ರಾಗಿ ಹಿಟ್ಟನ್ನು ಡಬ್ಬಕ್ಕೆ ತುಂಬುತ್ತಾ ಯಜಮಾನರು ಮಗನಿಗೆ ಹೇಳಿದ್ದು ಇವತ್ತಿಗೂ ನನ್ನ ಕಿವಿಯಲ್ಲಿದೆ. "ಲೋ, ಗಿರಾಕಿ ಬಂದು ಬರೀ 'ಎರಡು' ಅಂದ್ರೆ ನಾನೇನ್ ಕೊಡ್ಲಿ? ಎರಡು ಸೇರೋ, ಎರಡು ಕೇಜಿಯೋ ಹೇಳ್ಬೇಕು ತಾನೆ?" ಅಂದಿನಿಂದ ನನ್ನ ತರಗತಿಯಲ್ಲಿ ಯಾರು ಬರೀ ಅಂಕಿ ಹೇಳಿದರೂ ನಾನು ಕೇಳುವುದು ಒಂದೇ ಪ್ರಶ್ನೆ: ಎರಡು ಏನು? ಯೂನಿಟ್ ಎಲ್ಲಿ ಹೋಯಿತು?

ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ನಮ್ಮ ಬೆಂಗಳೂರಿನ ಬೀದಿದೀಪ ಹೊತ್ತಿಸಿತು. ನೂರು ವರ್ಷ ದಾಟಿತು. ಈ ಊರಿನಲ್ಲಿ ಹುಟ್ಟಿ ಬೆಳೆದ ಮಗು ಮನೆಗೆ ಬರುವ ಕರೆಂಟ್ ಬಿಲ್ಲನ್ನು ಒಮ್ಮೆ ಓದಬೇಕು. ಅದಕ್ಕಿಂತ ಒಳ್ಳೆಯ ಭೌತಶಾಸ್ತ್ರದ ಹಾಳೆ ನಿಮಗೆ ಯಾವ ಕೋಚಿಂಗ್ ನೋಟ್ಸಿನಲ್ಲೂ ಸಿಗುವುದಿಲ್ಲ.

ಈಗ ಬೇಗ ಬೇಗ ಮುಂದೆ ಹೋಗೋಣ.

ಸೂತ್ರ ಮರೆತುಹೋದರೆ ಯೂನಿಟ್ ಕೈ ಹಿಡಿಯುತ್ತದೆ. ಬಿಗಿದ ತಂತಿಯಲ್ಲಿ ಅಲೆಯ ವೇಗ ಎಷ್ಟು ಅಂತ ಕೇಳುತ್ತಾರೆ. ಎಳೆತವನ್ನು ತಂತಿಯ ಪ್ರತಿ ಮೀಟರ್ ತೂಕದಿಂದ, ಅಂದರೆ ದ್ರವ್ಯರಾಶಿಯಿಂದ, ಭಾಗಿಸಿ ವರ್ಗಮೂಲ ತೆಗೆಯಬೇಕೋ, ತಿರುಗುಮುರುಗೋ? ನೆನಪಿಲ್ಲದಿದ್ದರೆ ಗಾಬರಿ ಬೇಡ. ಎಳೆತ ನ್ಯೂಟನ್ನಿನಲ್ಲಿ, ಅಂದರೆ ಕಿಲೋಗ್ರಾಂ ಮೀಟರ್ ಪ್ರತಿ ಸೆಕೆಂಡ್ ವರ್ಗ. ಅದನ್ನು ಕಿಲೋಗ್ರಾಂ ಪ್ರತಿ ಮೀಟರಿನಿಂದ ಭಾಗಿಸಿ. ಕಿಲೋಗ್ರಾಂ ಹೊಡೆದುಹೋಯಿತು, ಮೀಟರ್ ವರ್ಗ ಪ್ರತಿ ಸೆಕೆಂಡ್ ವರ್ಗ ಉಳಿಯಿತು. ವರ್ಗಮೂಲ ತೆಗೆದರೆ ಮೀಟರ್ ಪ್ರತಿ ಸೆಕೆಂಡ್. ಅದೇ ವೇಗ. ತಿರುಗಿಸಿ ಹಾಕಿದರೆ ಸೆಕೆಂಡ್ ಪ್ರತಿ ಮೀಟರ್ ಬರುತ್ತದೆ, ಅಂಥ ವೇಗ ಲೋಕದಲ್ಲಿ ಇಲ್ಲ. ನಾಲ್ಕು ಆಪ್ಷನ್‌ನಲ್ಲಿ ಎರಡನ್ನು ಹೀಗೇ ಹೊಡೆದುಹಾಕಬಹುದು.

ಅನಿಲದ ಲೆಕ್ಕಕ್ಕೆ ಬನ್ನಿ. ಒತ್ತಡ ಬದಲಾಗದೆ 27 ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಗಾಳಿಯ ಗಾತ್ರ ಎರಡರಷ್ಟಾಗಬೇಕು, ಎಷ್ಟು ಬಿಸಿ ಮಾಡಬೇಕು? 54 ಅಂತ ತರಗತಿಯಲ್ಲಿ ಅರ್ಧ ಮಕ್ಕಳು ಕೂಗುತ್ತಾರೆ. ಅಲ್ಲ. 27 ಡಿಗ್ರಿ ಅಂದರೆ 300 ಕೆಲ್ವಿನ್. ಎರಡರಷ್ಟು ಅಂದರೆ 600 ಕೆಲ್ವಿನ್. ಅಂದರೆ 327 ಡಿಗ್ರಿ ಸೆಲ್ಸಿಯಸ್. ಡಿಗ್ರಿ ಸೆಲ್ಸಿಯಸ್ ಅಂತ ಪಕ್ಕದಲ್ಲಿ ಬರೆದಿದ್ದರೆ ಕೆಲ್ವಿನ್ ನೆನಪಾಗುತ್ತಿತ್ತು. ಹಾಗೆಯೇ ಕೆಪಾಸಿಟರ್ ಲೆಕ್ಕದಲ್ಲಿ ತಟ್ಟೆಯ ವಿಸ್ತೀರ್ಣ ಚದರ ಸೆಂಟಿಮೀಟರಿನಲ್ಲಿ ಕೊಟ್ಟಿರುತ್ತಾರೆ. ಚದರ ಮೀಟರ್ ಮಾಡುವಾಗ ನೂರರಿಂದ ಅಲ್ಲ, ಹತ್ತು ಸಾವಿರದಿಂದ ಭಾಗಿಸಬೇಕು.

ರಸಾಯನಶಾಸ್ತ್ರ. ಇಲ್ಲಿ ಮಕ್ಕಳು ಹೆದರುವುದು ಮೋಲ್‌ಗೆ. ಹೆದರುವಂಥದ್ದು ಅದರಲ್ಲಿ ಏನೂ ಇಲ್ಲ. ಡಜನ್ ಅಂದರೆ ಹನ್ನೆರಡು, ಮೋಲ್ ಅಂದರೆ 6.022 ಇಂಟು 10ರ ಘಾತ 23. ಎರಡೂ ಎಣಿಕೆ. 18 ಗ್ರಾಂ ನೀರು, 58.5 ಗ್ರಾಂ ಅಡುಗೆ ಉಪ್ಪು, 342 ಗ್ರಾಂ ಸಕ್ಕರೆ, ಮೂರೂ ಒಂದೊಂದು ಮೋಲ್. ಅಡುಗೆಮನೆಗೆ ಹೋಗಿ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ನೀರು ಲೋಟದ ತಳ ಮುಚ್ಚುವಷ್ಟು, ಸಕ್ಕರೆ ಅರ್ಧ ಕೇಜಿ ಪೊಟ್ಟಣದಲ್ಲಿ ಮೂರರಲ್ಲಿ ಎರಡು ಪಾಲು. ಒಮ್ಮೆ ಕಣ್ಣಲ್ಲಿ ನೋಡಿದರೆ ಮರೆಯುವುದಿಲ್ಲ.

ಗುಣಿಸಬೇಕೋ ಭಾಗಿಸಬೇಕೋ ಅನ್ನುವ ಗೊಂದಲ ಯಾವಾಗಲೂ ಇರುತ್ತದೆ. ಅದನ್ನೂ ಯೂನಿಟ್ಟೇ ಹೇಳುತ್ತದೆ. ಅರ್ಧ ಲೀಟರ್ 0.1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣಕ್ಕೆ ಎಷ್ಟು ಗ್ರಾಂ ಬೇಕು? 0.1 ಮೋಲ್ ಪ್ರತಿ ಲೀಟರ್, ಇಂಟು ಅರ್ಧ ಲೀಟರ್. ಲೀಟರ್ ಹೋಯಿತು, 0.05 ಮೋಲ್ ಉಳಿಯಿತು. ಅದನ್ನು ಸೋಡಿಯಂ ಹೈಡ್ರಾಕ್ಸೈಡಿನ 40 ಗ್ರಾಂ ಪ್ರತಿ ಮೋಲ್‌ನಿಂದ ಗುಣಿಸಿ. ಮೋಲ್ ಹೋಯಿತು, 2 ಗ್ರಾಂ ಉಳಿಯಿತು. ಯಾವ ಸೂತ್ರವನ್ನೂ ನಾವು ಬಾಯಿಪಾಠ ಮಾಡಲಿಲ್ಲ, ನೋಡಿ.

ಕ್ರಿಯೆ ತಾನಾಗಿ ನಡೆಯುತ್ತದೋ ಇಲ್ಲವೋ ಅಂತ ಹೇಳುವ ಗಿಬ್ಸ್ ಶಕ್ತಿಯ ಲೆಕ್ಕವನ್ನಂತೂ ಇವತ್ತೇ ಸರಿಮಾಡಿಕೊಳ್ಳಿ. ಡೆಲ್ಟಾ ಎಚ್, ಅಂದರೆ ಎಂಥಾಲ್ಪಿಯ ಬದಲಾವಣೆ, 30 ಕಿಲೋಜೌಲ್ ಪ್ರತಿ ಮೋಲ್; ಡೆಲ್ಟಾ ಎಸ್, ಅಂದರೆ ಎಂಟ್ರೊಪಿಯ ಬದಲಾವಣೆ, 100 ಜೌಲ್ ಪ್ರತಿ ಕೆಲ್ವಿನ್ ಪ್ರತಿ ಮೋಲ್. ಯಾವ ತಾಪದ ಮೇಲೆ ಕ್ರಿಯೆ ತಾನಾಗಿ ನಡೆಯುತ್ತದೆ? 30ನ್ನು 100ರಿಂದ ಭಾಗಿಸಿ 0.3 ಕೆಲ್ವಿನ್ ಅಂತ ಗುರುತು ಹಾಕಿ ಬರುತ್ತಾರೆ. ಒಂದು ಕಿಲೋಜೌಲ್, ಇನ್ನೊಂದು ಜೌಲ್! 30 ಸಾವಿರವನ್ನು ನೂರರಿಂದ ಭಾಗಿಸಬೇಕು. 300 ಕೆಲ್ವಿನ್. ಬೆಂಗಳೂರಿನ ಒಂದು ಸಾಧಾರಣ ಮಧ್ಯಾಹ್ನದ ತಾಪ ಅದು. 0.3 ಕೆಲ್ವಿನ್ ಅಂದರೆ ಹೀಲಿಯಂ ಕೂಡ ದ್ರವವಾಗಿ ಕೂತಿರುವಷ್ಟು ಚಳಿ.

ರಾಸಾಯನಿಕ ಕ್ರಿಯೆಯ ವೇಗ ಸ್ಥಿರಾಂಕ ಕೊಟ್ಟು ಆ ಕ್ರಿಯೆಯ ಆರ್ಡರ್ ಕೇಳಿದರೆ ಸಂತೋಷಪಡಿ, ಅದು ಪುಕ್ಕಟೆ ಅಂಕ. ಯೂನಿಟ್ ಪ್ರತಿ ಸೆಕೆಂಡ್ ಅಂತ ಮಾತ್ರ ಇದ್ದರೆ ಮೊದಲನೇ ಆರ್ಡರ್. ಮೋಲ್ ಪ್ರತಿ ಲೀಟರ್ ಪ್ರತಿ ಸೆಕೆಂಡ್ ಇದ್ದರೆ ಸೊನ್ನೆ. ಲೀಟರ್ ಪ್ರತಿ ಮೋಲ್ ಪ್ರತಿ ಸೆಕೆಂಡ್ ಇದ್ದರೆ ಎರಡು. ಲೆಕ್ಕವೇ ಬೇಡ.

ಒಂದು ಮೋಲ್ ಅನಿಲದ ಗಾತ್ರ 22.4 ಲೀಟರೋ 22.7 ಲೀಟರೋ ಅಂತ ಮಕ್ಕಳು ಜಗಳವಾಡುತ್ತಾರೆ. ಎರಡೂ ಸರಿ. ಸೊನ್ನೆ ಡಿಗ್ರಿಯಲ್ಲಿ ಒತ್ತಡ ಒಂದು ಅಟ್ಮಾಸ್ಫಿಯರ್ ಇದ್ದರೆ 22.4, ಒಂದು ಬಾರ್ ಇದ್ದರೆ 22.7. ಪ್ರಶ್ನೆಯಲ್ಲಿ ಯಾವುದು ಅಂತ ಓದಿಕೊಳ್ಳಿ. ನೀರು ನೂರು ಡಿಗ್ರಿಗೆ ಕುದಿಯುತ್ತದೆ ಅನ್ನುವುದೂ ಒಂದು ಅಟ್ಮಾಸ್ಫಿಯರ್ ಒತ್ತಡದ ಮಾತು. ಸಮುದ್ರಮಟ್ಟದಿಂದ ಒಂಬೈನೂರು ಮೀಟರ್ ಮೇಲಿರುವ ನಮ್ಮ ಬೆಂಗಳೂರಿನಲ್ಲಿ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಪ್ರಯೋಗಾಲಯದಲ್ಲಿ ಥರ್ಮಾಮೀಟರ್ 97 ತೋರಿಸಿದಾಗ ಅದನ್ನು ಅಳಿಸಿ 100 ಅಂತ ರೆಕಾರ್ಡಿನಲ್ಲಿ ಬರೆಯಬೇಡಿ, ದಯವಿಟ್ಟು.

ವಿದ್ಯುದ್ವಿಭಜನೆಯ ಲೆಕ್ಕದಲ್ಲಿ ನಿಮಿಷವನ್ನು ಸೆಕೆಂಡು ಮಾಡಿ, ಆಂಪಿಯರಿನಿಂದ ಗುಣಿಸಿ, ಕೂಲಂಬ್ ಬರುತ್ತದೆ. 96,500 ಕೂಲಂಬಿಗೆ ಒಂದು ಮೋಲ್ ಎಲೆಕ್ಟ್ರಾನ್. ದ್ಯುತಿವಿದ್ಯುತ್ ಪರಿಣಾಮದಲ್ಲಿ ಎಲೆಕ್ಟ್ರಾನ್ ವೋಲ್ಟ್ ಮತ್ತು ಜೌಲ್ ಬೆರೆಸಬೇಡಿ. 1240ನ್ನು ನ್ಯಾನೋಮೀಟರಿನಲ್ಲಿರುವ ತರಂಗಾಂತರದಿಂದ ಭಾಗಿಸಿದರೆ ಫೋಟಾನಿನ ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗುತ್ತದೆ, 620 ನ್ಯಾನೋಮೀಟರ್ ಬೆಳಕಿಗೆ 2. ಮಸೂರದ ಪವರ್ ಕೇಳಿದರೆ ನಾಭಿದೂರ ಮೀಟರಿನಲ್ಲೇ ಇರಬೇಕು. ಸಾವಯವ ರಸಾಯನದ ಬಗ್ಗೆಯೂ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ, ಆದರೆ ಸ್ಟುಡಿಯೋ ಗಾಜಿನ ಆಚೆಯಿಂದ ಎರಡೇ ನಿಮಿಷ ಅಂತ ಎರಡು ಬೆರಳು ತೋರಿಸುತ್ತಿದ್ದಾರೆ.

ಹಾಗಾದರೆ ಕೊನೆಗೆ ಮನೆಗೆ ಒಂದು ಲೆಕ್ಕ ಕೊಟ್ಟು ಹೋಗುತ್ತೇನೆ, ಬರೆದುಕೊಳ್ಳಿ. ಸ್ನಾನದ ಮನೆಯ ಗೀಸರು 15 ಲೀಟರಿನದು, 2 ಕಿಲೋವ್ಯಾಟ್. ನೀರು 25 ಡಿಗ್ರಿಯಿಂದ 55 ಡಿಗ್ರಿಗೆ ಏರಬೇಕು. ಎಷ್ಟು ನಿಮಿಷ? ಎಷ್ಟು ಯೂನಿಟ್? ಒಂದು ಲೀಟರ್ ನೀರು ಒಂದು ಕಿಲೋಗ್ರಾಂ, ಅದನ್ನು ಒಂದು ಡಿಗ್ರಿ ಏರಿಸಲು 4.2 ಕಿಲೋಜೌಲ್. ಪ್ರತಿ ಸಾಲಿನಲ್ಲೂ ಯೂನಿಟ್ ಬರೆಯುತ್ತಾ ಹೋಗಿ. ಶಾಖ ಸೋರದಿದ್ದರೆ ಹದಿನಾರು ನಿಮಿಷಕ್ಕೆ ಚೂರು ಕಮ್ಮಿ, ಅರ್ಧ ಯೂನಿಟ್ಟಿಗೆ ಚೂರು ಜಾಸ್ತಿ ಬರಬೇಕು. ನಾಳೆ ಬೆಳಿಗ್ಗೆ ಸ್ವಿಚ್ ಹಾಕಿ, ಗಡಿಯಾರ ಹಿಡಿದು ನಿಂತು ನೋಡಿ. ನಮಸ್ಕಾರ.