ಪಾಣೆಮಂಗಳೂರಿನ ಹಳೆ ಸೇತುವೆ

ಕೇಳುಗರಿಗೆಲ್ಲ ನಮಸ್ಕಾರ. ಪಾಣೆಮಂಗಳೂರಿನಲ್ಲಿ ನೇತ್ರಾವತಿಗೆ ಅಡ್ಡಲಾಗಿ ಬ್ರಿಟಿಷರ ಕಾಲದ ಉಕ್ಕಿನ ಸೇತುವೆ ಇದೆ, ಅಲ್ವಾ? ನೂರು ವರ್ಷ ದಾಟಿದೆ. ಅದರ ಮಾತೆತ್ತಿದರೆ ಸಾಕು, ‘ಆಗಿನ ಕಬ್ಬಿಣ ಅಂದ್ರೆ ಕಬ್ಬಿಣ ಮಾರಾಯ್ರೇ’ ಅಂತಾರೆ. ಸುಮ್ನೆ ಮಾತು. ಯಾವ ಕಾಲದ ಕಬ್ಬಿಣವಾದರೂ ನಮ್ಮ ಮಳೆಗೆ ತುಕ್ಕು ಹಿಡಿಯುತ್ತದೆ. ಸೇತುವೆಯನ್ನು ಉಳಿಸುವುದು ಬಣ್ಣ.

ಆ ಕಾಲದಲ್ಲಿ ಸೇತುವೆ ಕಟ್ಟಲು ವೆಲ್ಡಿಂಗ್ ಇರಲಿಲ್ಲ. ರಿವೆಟ್, ಅಂದ್ರೆ ಒಂದು ಕಡೆ ತಲೆಯಿರುವ ದಪ್ಪ ಮೊಳೆ, ಹೊಡೆಯುತ್ತಿದ್ದರು. ರಿವೆಟನ್ನು ಕೆಂಪಗೆ ಕಾಯಿಸಿ, ತೂತಿಗೆ ತೂರಿಸಿ, ಬಾಲದ ಕಡೆ ಬಡಿದು ಇನ್ನೊಂದು ತಲೆ ಮಾಡಬೇಕು. ಅದು ತಣ್ಣಗಾಗುತ್ತಾ ಕುಗ್ಗಿ ಎರಡೂ ತಗಡನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ.

ನಾನು ಸೇತುವೆ ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಜೊತೆ ಒಬ್ಬರು ಹಿರಿಯ ಖಲಾಸಿ, ಅಂದ್ರೆ ಕೆಲಸಗಾರ, ಇದ್ದರು. ಕೈಯಲ್ಲಿ ಒಂದು ಪುಟ್ಟ ಸುತ್ತಿಗೆ. ರಿವೆಟ್ ತಲೆಯ ಒಂದು ಪಕ್ಕಕ್ಕೆ ಎಡಗೈ ಬೆರಳು ಒತ್ತಿ ಹಿಡಿಯುವುದು, ಇನ್ನೊಂದು ಪಕ್ಕಕ್ಕೆ ಟಕ್ ಅಂತ ತಟ್ಟುವುದು. ಸಡಿಲವಾಗಿದ್ದರೆ ಬೆರಳಿಗೆ ಅದುರು ತಿಳಿಯುತ್ತದೆ. ‘ಸಾರ್, ನೀವೂ ಹಿಡಿದು ನೋಡಿ’ ಅಂದರು. ನೋಡಿದೆ. ಕಣ್ಣಿಗೆ ಏನೂ ಕಾಣದು, ಬೆರಳಿಗೆ ಮಾತ್ರ ಸಣ್ಣ ನಡುಕ! ಅವರು ಸೀಮೆಸುಣ್ಣದಲ್ಲಿ ಅದಕ್ಕೊಂದು ಗುರುತು ಹಾಕಿ ಮುಂದಿನದಕ್ಕೆ ಹೋದರು. ಮಧ್ಯಾಹ್ನದ ಊಟಕ್ಕೆ ಕರೆದರೂ ‘ಈ ಸಾಲು ಮುಗಿಯಲಿ’ ಅಂತ ಕೂತಲ್ಲಿಂದ ಏಳಲಿಲ್ಲ. ಸಡಿಲವಾದ ರಿವೆಟ್ ಸುತ್ತ ಬಣ್ಣ ಬಿರಿದು, ಕೆಂಚು ನೀರು ಇಳಿದ ಗೆರೆ ಇರುತ್ತದೆ ಅಂತ ತೋರಿಸಿದವರೂ ಅವರೇ. ನೋಡಿ, ಮತ್ತೆ ಬಣ್ಣಕ್ಕೇ ಬಂದೆ!

ಅಯ್ಯೋ, ಹೊತ್ತಾಯಿತು ಅಂತ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ಬೇಗ ಹೇಳಿಬಿಡುತ್ತೇನೆ. 1923ರ ‘ಮಾರಿ ಬೊಳ್ಳ’ ಎನ್ನುವ ಮಹಾ ನೆರೆಯನ್ನೂ 1974ರ ನೆರೆಯನ್ನೂ ಈ ಸೇತುವೆ ಕಂಡಿದೆ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಅದಕ್ಕೇ ಇಂಥ ಸೇತುವೆಗಳ ಗರ್ಡರಿನ, ಅಂದ್ರೆ ಉದ್ದ ತೊಲೆಯ, ಒಂದು ತುದಿ ಜರುಗುವಂತೆ ಸಂದಿ ಬಿಟ್ಟು ಇಟ್ಟಿರುತ್ತಾರೆ. ಆ ಸಂದಿಯಲ್ಲಿ ಮಣ್ಣು, ಕಸ ತುಂಬಬಾರದು. ದಯವಿಟ್ಟು ಅಲ್ಲಿ ಪ್ಲಾಸ್ಟಿಕ್ ಎಸೆಯಬೇಡಿ. ಕಂಬದ ಕಲ್ಲಿನ ಸಂದಿಯಲ್ಲಿ ಅಶ್ವತ್ಥದ ಗಿಡ ಕಂಡರೆ ಪಂಚಾಯತಿಗೋ ಪುರಸಭೆಗೋ ತಿಳಿಸಿ. ಬೇರು ಇಳಿದ ಮೇಲೆ ಕಿತ್ತರೆ ಕಲ್ಲೇ ಸಡಿಲಾಗುತ್ತದೆ.

ಶತಮಾನೋತ್ಸವ, ಸನ್ಮಾನ ಎಲ್ಲ ಆಮೇಲೆ ಮಾಡಿಕೊಳ್ಳಿ. ಮಳೆ ನಿಂತ ಕೂಡಲೇ ತುಕ್ಕು ಕೆರೆದು ಬಣ್ಣ ಹೊಡೆಸಿ. ತುಕ್ಕಿನ ಮೇಲೆಯೇ ಬಳಿದರೆ ಆಗುವುದಿಲ್ಲ, ಕೆರೆದು! ನಮಸ್ಕಾರ.